ಹರಳೆಣ್ಣೆ ಸೀಸೆಯ ಬಿರಡೆ

ಉಪ್ಪಾರಹಳ್ಳಿ, ತುಮಕೂರು
೪ ಜೂನ್ ೧೯೭೮, ಭಾನುವಾರ

ಅಣ್ಣ ಕೊಟ್ಟ ಡೈರಿ ಐದು ತಿಂಗಳಿಂದ ದೇವರ ಗೂಡಿನ ಪಕ್ಕ ಸುಮ್ಮನೆ ಬಿದ್ದಿತ್ತು. ಎಸ್ಸೆಸ್ಸೆಲ್ಸಿ ಪಾಸಾದವಳು ಅಕ್ಷರ ಮರೆತುಬಿಡುತ್ತೀಯ ಅಂತ ಕೊಟ್ಟದ್ದು. ಬರೆಯುವಂಥದ್ದು ಏನಾದರೂ ನಡೆದರೆ ತಾನೆ? ಈ ವಾರ ನಡೆಯಿತು, ಅದಕ್ಕೇ ಕೂತಿದ್ದೇನೆ.

ಇವರು ಓಡಿಸುವ ಸೋಡಾ ಫ್ಯಾಕ್ಟರಿಯ ಪಿಕಪ್ಪಿನ ವಿಷಯ. ಮೂರು ದಿನ ಗುಬ್ಬಿ, ಮೂರು ದಿನ ಕುಣಿಗಲ್. ಗಾಡಿ ನಮ್ಮಿಬ್ಬರಿಗಿಂತ ದೊಡ್ಡದು, ವಯಸ್ಸಿನಲ್ಲಿ. ಅದರ ಪೆಟ್ರೋಲ್ ಟ್ಯಾಂಕ್ ಇರುವುದು ಕ್ಯಾಬಿನ್ನಿನ ಒಳಗೇ, ಡ್ರೈವರ್ ಸೀಟಿನ ಬೆನ್ನಿಗೆ. ಪೆಟ್ರೋಲ್ ಹಾಕುವ ಮುಚ್ಚಳ ಮಾತ್ರ ಹೊರಗೆ. ಆ ಮುಚ್ಚಳದಲ್ಲಿ ಸೂಜಿ ಹೋಗುವಷ್ಟು ಒಂದು ತೂತು ಇತ್ತಂತೆ. ಬಿಸಿಲಿಗೆ ಪೆಟ್ರೋಲ್ ಹಬೆಯಾಗಿ ಆ ತೂತಿನಿಂದ ಹಾರಿಹೋಗುತ್ತದೆ ಅಂತ ಸಾಹುಕಾರ್ ಚನ್ನವೀರಯ್ಯನವರಿಗೆ ಯಾರೋ ಹೇಳಿದ್ದಾರೆ. ಅವರು ಮಾರನೇ ದಿನವೇ ಬೆಸುಗೆ ಹಾಕಿಸಿ ಮುಚ್ಚಿಸಿಬಿಟ್ಟರು.

ಮಂಗಳವಾರ ಇವರು ಗುಬ್ಬಿಗೆ ಹೊರಟರೆ ಮಲ್ಲಸಂದ್ರ ದಾಟುತ್ತಲೇ ಗಾಡಿ ಕೆಮ್ಮಿ ನಿಂತಿತು. ಬಾನೆಟ್ ಎತ್ತಿ ಎಲ್ಲ ನೋಡಿದರೂ ಏನೂ ಸಿಗಲಿಲ್ಲ. ಪೆಟ್ರೋಲಾದರೂ ಇದೆಯೋ ಅಂತ ಮುಚ್ಚಳ ತಿರುಗಿಸಿದರೆ ಉಸ್ ಅಂತ ಗಾಳಿ ಒಳಗೆ ಎಳೆದುಕೊಂಡಿತಂತೆ. ಆಮೇಲೆ ಗಾಡಿ ಏನೂ ಆಗದವರ ಹಾಗೆ ಸ್ಟಾರ್ಟ್ ಆಯಿತು. ಐದಾರು ಮೈಲಿಗೆ ಮತ್ತೆ ನಿಂತಿತು. ಮತ್ತೆ ಮುಚ್ಚಳ, ಮತ್ತೆ ಉಸ್.

“ಅದಕ್ಕೂ ಉಸಿರು ಕಟ್ತದೆ ಕಣೆ ರುದ್ರಿ. ಪೆಟ್ರೋಲ್ ಇಳಿದಷ್ಟೂ ಒಳಕ್ಕೆ ಗಾಳಿ ಬರ್ಬೇಕು. ಬರ್ಲಿಲ್ಲ ಅಂದ್ರೆ ಎಂಜಿನ್ನಿಗೆ ಪೆಟ್ರೋಲ್ ಹೋಗಲ್ಲ.”

“ಸಾವ್ಕಾರ್ರಿಗೆ ಹೇಳ್ಬಾರ್ದಾ?”

“ಹೇಳ್ದೆ. ನಿಂಗೇನ್ ಗೊತ್ತು, ಓಡ್ಸಯ್ಯ ಸುಮ್ನೆ ಅಂದ್ರು.”

ಇವರು ಸುಮ್ಮನಿರುವವರಾ? ಸೀಟಿನ ಹಿಂದೆ ಟ್ಯಾಂಕಿನ ತಲೆಯ ಮೇಲೆ ಒಂದು ಮೂತಿ ಇದೆ, ಅದಕ್ಕೊಂದು ರಬ್ಬರ್ ಬಿರಡೆ. ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡು ಬಂದಿದ್ದಾರೆ. ಈಗ ಗಾಡಿ ಎಲ್ಲೂ ನಿಲ್ಲುವುದಿಲ್ಲ, ಸಾಹುಕಾರರ ಬೆಸುಗೆಯೂ ಹಾಗೇ ಇದೆ. ಬಿರಡೆ ನನ್ನ ಹರಳೆಣ್ಣೆ ಸೀಸೆಗೆ ಹೇಳಿ ಮಾಡಿಸಿದಂತೆ ಕೂತಿತು. ಎಷ್ಟು ದಿನದಿಂದ ಅದಕ್ಕೆ ಬಟ್ಟೆ ಚಿಂದಿ ತುರುಕುತ್ತಿದ್ದೆ. ಗಂಡನ ಬುದ್ಧಿವಂತಿಕೆಯಲ್ಲಿ ನನಗೂ ಒಂದು ಪಾಲು ಬಂದಂತಾಯಿತು.

೧೯ ಜೂನ್, ಸೋಮವಾರ

ಮಳೆ ಹಿಡಿದಿದೆ. ಇವರಿಗೆ ತಲೆನೋವು. ಕಿಟಕಿ ಗಾಜು ಏರಿಸಿಕೊಂಡು ಓಡಿಸಬೇಕು, ಒಳಗೆಲ್ಲ ಸೆಕೆ ಅನ್ನುತ್ತಾರೆ. ಕಣ್ಣು ಕೆಂಪಗಾಗಿದೆ. ಶುಂಠಿ ಅರೆದು ಹಣೆಗೆ ಹಚ್ಚಿದೆ.

ಅಂಗಿಗೆಲ್ಲ ಪೆಟ್ರೋಲ್ ವಾಸನೆ, ಎರಡು ಸಲ ಸೋಪು ಹಾಕಿ ಒಗೆದರೂ ಹೋಗಲಿಲ್ಲ. ಹಾಗಂದರೆ “ನಂಗೇನೂ ಬರ್ತಿಲ್ವಲ್ಲ” ಅಂತಾರೆ. ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಎಮ್ಮೆಯೊಂದು ಸೋಡಾ ಬಾಕ್ಸಿಗೆ ಮೂತಿ ಹಾಕಿದ ಕಥೆಯನ್ನು ಊಟ ಮಾಡುತ್ತಾ ಮೂರು ಸಲ ಹೇಳಿದರು. ಮೂರೂ ಸಲ ಅವರೊಬ್ಬರೇ ನಕ್ಕರು. ಮೂರನೆಯ ಸಲ ನಾನೂ ನಕ್ಕೆ, ಪಾಪ ಅಂತ.

೩ ಜುಲೈ, ಸೋಮವಾರ

ನಲ್ಲಿ ಹತ್ತಿರ ಪಕ್ಕದ ಮನೆಯ ರಂಗಮ್ಮ ಬಿಂದಿಗೆ ಇಳಿಸಿ ಕಿವಿಯ ಹತ್ತಿರ ಬಂದಳು. ಅವಳ ತಮ್ಮ ಕುಣಿಗಲ್ಲಿನಲ್ಲಿ ಇವರನ್ನು ನೋಡಿದನಂತೆ.

“ಬ್ರಾಂದಿ ಅಂಗ್ಡಿಯಿಂದ ಹೊರೀಕ್ ಬತ್ತಿದ್ರಂತೆ ಕಣಕ್ಕ. ಕಾಲು ನೆಟ್ಟಗೆ ನಿಲ್ತಿರ್ಲಿಲ್ವಂತೆ. ನಂಗ್ಯಾಕೆ ಬುಡು, ಹೇಳ್ಬೇಕು ಅನ್ನುಸ್ತು.”

ಬ್ರಾಂದಿ ಅಂಗಡಿಗೆ ಸೋಡಾ ಇಳಿಸದೆ ಇನ್ನೇನು ಹಾಲಿನ ಡೈರಿಗೆ ಇಳಿಸುತ್ತಾರಾ ಅಂತ ಬಾಯಿ ಮುಚ್ಚಿಸಿ ಬಂದೆ. ಎಂಟು ವರ್ಷದ ಸಂಸಾರ ನಮ್ಮದು. ವಿಭೂತಿ ಇಟ್ಟುಕೊಳ್ಳದೆ ನೀರು ಮುಟ್ಟದ ಮನುಷ್ಯ ಇವರು. ಬಂದಿದ್ದಾಳೆ ಹೇಳುವುದಕ್ಕೆ.

೮ ಜುಲೈ, ಶನಿವಾರ

ನಿನ್ನೆ ಕುಣಿಗಲ್ಲಿನಿಂದ ಬಂದವರು ಬಾಗಿಲ ಮೆಟ್ಟಿಲು ತಪ್ಪಿ ಅಲ್ಲೇ ಕೂತುಬಿಟ್ಟರು. ಕೂತು ನಕ್ಕರು. ಏನು ನಗು ಅಂದರೆ ಗೊತ್ತಿಲ್ಲ ಅಂತ ಅಳುವುದಕ್ಕೆ ಶುರುಮಾಡಿದರು. ಎದುರು ಮನೆಯವರೆಲ್ಲ ಹೊರಗೆ ಬಂದು ನಿಂತಿದ್ದರು. ಕೈಹಿಡಿದು ಒಳಗೆ ಕರೆದುಕೊಂಡು ಬರುವಾಗ, ದೇವರೇ, ನಾನು ಅವರ ಬಾಯಿ ಮೂಸಿ ನೋಡಿದೆ. ಪೆಟ್ರೋಲಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ.

ರಂಗಮ್ಮ ಹೇಳುತ್ತಾಳೆ, ಡ್ರೈವರುಗಳೆಲ್ಲ ಪೆಟ್ರೋಲ್ ಬಾಯಿಗೆ ಹಾಕಿ ಮುಕ್ಕಳಿಸಿ ಬರುತ್ತಾರಂತೆ, ಹೆಂಡತಿಗೆ ಗೊತ್ತಾಗಬಾರದು ಅಂತ. ನಾನು ನಂಬಲಿಲ್ಲ. ಆದರೆ ಬಚ್ಚಲಲ್ಲಿ ಅವರು ಬಾಯಿ ತೊಳೆಯುತ್ತಿದ್ದಾಗ ಬಾಗಿಲ ಸಂದಿಯಿಂದ ನೋಡಿದೆ.

೧೭ ಜುಲೈ, ಸೋಮವಾರ

ಇವತ್ತು ಬೆಳಗಿನ ಪೂಜೆಯಲ್ಲಿ ಕೇಳಿಯೇಬಿಟ್ಟೆ. ಲಿಂಗ ಅಂಗೈಯಲ್ಲಿತ್ತು.

“ಲಿಂಗ ಹಿಡ್ಕೊಂಡಿದೀರ. ಹೇಳ್ರಿ, ಕುಡಿಯೋದು ಹೌದಾ ಅಲ್ವಾ?”

ಇವರು ಲಿಂಗವನ್ನು ಕಣ್ಣಿಗೊತ್ತಿಕೊಂಡರು. ಸಿಟ್ಟು ಬಂದಿದ್ದರೆ ನನಗೂ ಸುಲಭವಾಗುತ್ತಿತ್ತು, ಬರಲಿಲ್ಲ.

“ಒಂದ್ ತೊಟ್ಟು ಮುಟ್ಟಿಲ್ಲ ಕಣೆ. ಏನಾಗ್ತಿದೆ ಅಂತ ನಂಗೂ ಗೊತ್ತಾಗ್ತಿಲ್ಲ.”

ನಂಬಿದೆ. ನಂಬಬೇಕು.

೨೧ ಜುಲೈ, ಶುಕ್ರವಾರ

ನಂಬಿ ನಾಲ್ಕು ದಿನವಾಗಲಿಲ್ಲ. ನಿನ್ನೆ ಗೋಡೆ ಹಿಡಿದುಕೊಂಡು ಬಂದ ಈ ಮನುಷ್ಯ. ನನ್ನ ಹೆಸರು ಕರೆಯುವುದಕ್ಕೆ ಹೋಗಿ ನಾಲಿಗೆ ಹೊರಳಲಿಲ್ಲ. ಲಿಂಗ ಮುಟ್ಟಿ ಸುಳ್ಳು ಹೇಳಿದವನಿಗೆ ನಾನೇನು ಅಡ್ಡಿ?

ಇವತ್ತು ರಂಗಮ್ಮನ ಜೊತೆ ಗೂಳೂರಿಗೆ ಹೋಗಿ ಬಂದೆ. ಊರಾಚೆ ಒಬ್ಬಳು ಮುದುಕಿ ಕುಡಿತ ಬಿಡಿಸುವ ಪುಡಿ ಕೊಡುತ್ತಾಳೆ. ಎಷ್ಟೋ ಮನೆಯ ಹೆಂಗಸರು ಅವಳ ಹೆಸರು ಹೇಳಿ ದೀಪ ಹಚ್ಚುತ್ತಾರಂತೆ. ಸಂಜೆ ಸಾರಿನಲ್ಲಿ ಒಂದು ಚಿಟಿಕೆ, ಇಪ್ಪತ್ತೊಂದು ದಿನ. ವಾಂತಿಯಾಗುತ್ತದೆ, ಹೆದರಬಾರದು, ವಿಷ ಇಳಿಯುತ್ತಿದೆ ಅಂತ ತಿಳಿಯಬೇಕು.

“ಗಂಡ್ಸಿಗ್ ಗೊತ್ತಾಗ್‌ಕೂಡ್ದು ಮಗಾ. ಗೊತ್ತಾಗೋಯ್ತು ಅಂದ್ರೆ ಪುಡಿ ಸತ್ತೋಯ್ತದೆ” ಅಂದಳು ಮುದುಕಿ.

ಬೂದಿ ಬಣ್ಣದ ಪುಡಿ. ನಾಲಿಗೆ ತುದಿಗೆ ಇಟ್ಟು ನೋಡಿದೆ, ಹಾಗಲಕಾಯಿಯೇ ವಾಸಿ.

೨೨ ಜುಲೈ, ಶನಿವಾರ

ಹಾಕಿದೆ.

೨೬ ಜುಲೈ, ಬುಧವಾರ

ವಾಂತಿ ಮಾಡಿಕೊಂಡ. ಎರಡು ಸಲ. ಇಳಿಯುತ್ತಿದೆ.

೧ ಆಗಸ್ಟ್, ಮಂಗಳವಾರ

ಮುಖ ಇಳಿದು ಇಷ್ಟಾಗಿದೆ. ಮುದ್ದೆ ಅರ್ಧ ಬಿಡುತ್ತಾನೆ, ಸಾರು ಮಾತ್ರ ಬಿಡುವುದಿಲ್ಲ, ತಟ್ಟೆ ಎತ್ತಿ ಕುಡಿಯುತ್ತಾನೆ. ಒಳ್ಳೆಯದೇ ಆಯಿತು. ಭಾನುವಾರ ರಜವಾದ್ದರಿಂದ ತೂರಾಡಲಿಲ್ಲ, ವಾಂತಿ ಮಾತ್ರ ಆಯಿತು. ಪುಡಿ ಕೆಲಸ ಮಾಡುತ್ತಿದೆ ಅಂತ ರಂಗಮ್ಮನಿಗೆ ಹೇಳಿದೆ. ಅವಳಿಗೆ ನನಗಿಂತ ಸಂತೋಷ.

ನನಗೇನೋ ಈಗ ಅಳು ಬರುವುದಿಲ್ಲ.

೫ ಆಗಸ್ಟ್, ಶನಿವಾರ

ಗುಬ್ಬಿ ಕೆರೆ ಏರಿಯ ತಿರುವಿನಲ್ಲಿ ಗಾಡಿ ಚರಂಡಿಗೆ ಇಳಿಸಿದ್ದಾನೆ. ಸೋಡಾ ಬಾಟಲಿಗಳು ಒಂದೂ ಉಳಿದಿಲ್ಲ. ದಾರಿಯಲ್ಲಿದ್ದ ಯಾರಿಗೂ ಏನೂ ಆಗಲಿಲ್ಲ, ಗಾಡಿಯೂ ಓಡುವ ಹಾಗಿದೆ, ಅದೊಂದು ಪುಣ್ಯ. ಇವನ ಹಣೆ ಒಡೆದಿದೆ. ಸೇರಿದ ಜನ ಎತ್ತಿ ಕೂರಿಸುವ ಮೊದಲು ಬಾಯಿ ಮೂಸಿ ನೋಡಿದರಂತೆ. ನಾನು ಮಾಡಿದ್ದನ್ನೇ.

ಚನ್ನವೀರಯ್ಯನವರು ಮನೆ ಬಾಗಿಲಿಗೇ ಬಂದು ನಿಂತು ಕೂಗಾಡಿದರು. “ಕುಡುಕನ ಕೈಗೆ ಕೀ ಕೊಟ್ಟು ನಾನ್ ಜೈಲಿಗ್ ಹೋಗ್ಲಾ?” ಬೀದಿಗೆಲ್ಲ ಕೇಳಿಸಿತು. ನಾನು ಸೆರಗು ಹೊದ್ದುಕೊಂಡು ಹೋಗಿ ಕೈಮುಗಿದೆ.

“ಒಂದೇ ಒಂದ್ ಸಲ ನೋಡಿ ಸಾವ್ಕಾರ್ರೆ. ಸೋಮವಾರದಿಂದ ನಾನೇ ಪಕ್ಕದಲ್ಲಿ ಕೂತ್ಕೊಂಡು ಹೋಗ್ತೀನಿ. ಅದೆಲ್ಲಿ ಕುಡೀತಾರೋ ನಾನೂ ನೋಡ್ತೀನಿ.”

ಸಾಹುಕಾರರಿಗೆ ನಗು ಬಂತು, ಒಪ್ಪಿದರು. ಈ ಮನುಷ್ಯ ಗೋಡೆಗೆ ಒರಗಿ ಕೂತು ಎಲ್ಲ ಕೇಳಿಸಿಕೊಂಡ.

೭ ಆಗಸ್ಟ್, ಸೋಮವಾರ

ಅಕ್ಷರ ನೆಟ್ಟಗೆ ಬರುತ್ತಿಲ್ಲ. ಆದರೂ ಬರೆದೇ ಮಲಗುತ್ತೇನೆ.

ಬೆಳಿಗ್ಗೆ ಜೋರು ಮಳೆ. ಎರಡೂ ಗಾಜು ಏರಿಸಿದರು. ಹತ್ತಿದ ತಕ್ಷಣ ಪೆಟ್ರೋಲ್ ವಾಸನೆ ಮೂಗಿಗೆ ಅಡರಿತು. ಸೆರಗು ಮುಚ್ಚಿಕೊಂಡೆ. ಹೆಬ್ಬೂರು ಬರುವ ಹೊತ್ತಿಗೆ ವಾಸನೆ ಹೋಗಿಬಿಟ್ಟಿತ್ತು. ಹೋಯಿತು ಅಂದುಕೊಂಡೆ.

ನಾನು ಅವರ ಕೈ ಬಾಯಿ ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸಲಿಲ್ಲ. ಕುಣಿಗಲ್ಲಿನಲ್ಲಿ ಬ್ರಾಂದಿ ಅಂಗಡಿಗೆ ಬಾಕ್ಸ್ ಹೊತ್ತುಕೊಂಡು ಹೋದರೆ ನಾನೂ ಇಳಿದು ಬಾಗಿಲಲ್ಲೇ ನಿಂತೆ. ಬಾಕ್ಸ್ ಇಳಿಸಿದರು, ಖಾಲಿ ಬಾಟಲಿ ತುಂಬಿಕೊಂಡರು, ಬಂದರು. ಒಳಗಿದ್ದವರೆಲ್ಲ ನನ್ನನ್ನೇ ನೋಡಿದರು. ನೀರು ಕೂಡ ಕುಡಿಯಲಿಲ್ಲ ಇವರು.

ವಾಪಸು ಬರುವಾಗ ಮಳೆ ನಿಂತು ಬಿಸಿಲು ಚುರುಕಾಯಿತು. ರಸ್ತೆಯ ಕೆಸರು ಒಳಗೆ ಹಾರುತ್ತದೆ ಅಂತ ಗಾಜು ಇಳಿಸಲಿಲ್ಲ. ನನಗೆ ಹಣೆಯ ಎರಡೂ ಪಕ್ಕ ಸುತ್ತಿಗೆಯಲ್ಲಿ ಹೊಡೆದ ಹಾಗೆ ಆಗುತ್ತಿತ್ತು. ಎದುರಿಗೆ ಎತ್ತಿನ ಗಾಡಿ ಬಂತು. ಒಂದು ಎತ್ತಿನ ಕೊಂಬು ಸೊಟ್ಟಗಿತ್ತು. ನಕ್ಕೆ. ನಿಲ್ಲಿಸುವುದಕ್ಕೇ ಆಗಲಿಲ್ಲ. ಪಕ್ಕದಲ್ಲಿ ಇವರೂ ನಗುತ್ತಿದ್ದರು. ಗಂಡ ಹೆಂಡತಿ ಜೊತೆಯಾಗಿ ನಕ್ಕು ಎರಡು ತಿಂಗಳಾಗಿತ್ತು.

ಹೆಬ್ಬೂರಿನಲ್ಲಿ ನೀರು ಬೇಕು ಅಂತ ಇಳಿದೆ. ಕಾಲು ನೆಲಕ್ಕೆ ತಾಗಿದ್ದೇ ಗೊತ್ತಾಗಲಿಲ್ಲ. ಹೋಟೆಲ್ಲಿನ ಮುಂದೆ, ಅಷ್ಟು ಜನರ ನಡುವೆ, ಬಿದ್ದುಬಿಟ್ಟೆ. ಎದ್ದು ಮಾತಾಡಲು ಹೋದರೆ ನಾಲಿಗೆ ಹೊರಳಲಿಲ್ಲ. ಬೆಂಚಿನ ಮೇಲಿದ್ದ ಒಬ್ಬ ಅಂದ:

“ಲೋ, ಗಂಡ ಹೆಂಡ್ರು ಇಬ್ರೂ ಹಾಕವ್ರೆ ಕಣ್ಲಾ!”

ಎಲ್ಲರೂ ನಕ್ಕರು. ಇವರು ಓಡಿಬಂದು ನನ್ನನ್ನು ಎತ್ತಿದರು. ಹುಣಸೆಮರದ ಕೆಳಗೆ ಕೂರಿಸಿ, ತಮ್ಮ ಟವೆಲ್ ಒದ್ದೆ ಮಾಡಿ ನನ್ನ ಮುಖ ಒರೆಸಿದರು. ಅರ್ಧ ಗಂಟೆ ಗಾಳಿಯಲ್ಲಿ ಕೂತ ಮೇಲೆ ನೆಲ ನೆಲವಾಯಿತು. ಆಗ ಹೊಳೆಯಿತು. ನಾನು ಕುಡಿದಿರಲಿಲ್ಲ. ನಾನು ಕುಡಿದಿರಲಿಲ್ಲ ಅಂದರೆ ಇವರೂ ಕುಡಿದಿರಲಿಲ್ಲ.

ಮನೆಗೆ ಬಂದು ದೀಪ ಹಚ್ಚುವಾಗ ಗೂಡಿನಲ್ಲಿ ಹರಳೆಣ್ಣೆ ಸೀಸೆ ಕಾಣಿಸಿತು. ಅದರ ಬಾಯಲ್ಲಿ ಆ ಬಿರಡೆ. ಎರಡು ತಿಂಗಳಿಂದ ದಿನಾ ಕೈಯಲ್ಲಿ ತೆಗೆದು ಹಾಕಿದ್ದೇನೆ.

೮ ಆಗಸ್ಟ್, ಮಂಗಳವಾರ

ಪುಡಿಯನ್ನು ಬಚ್ಚಲಿಗೆ ಸುರಿದೆ. ಡಬ್ಬಿಯನ್ನು ಬೂದಿ ಹಾಕಿ ಮೂರು ಸಲ ತಿಕ್ಕಿದೆ.

ಆಮೇಲೆ ಬಿರಡೆ ಸೆರಗಿಗೆ ಕಟ್ಟಿಕೊಂಡು ಬಿ.ಎಚ್. ರಸ್ತೆಯ ಮೆಕ್ಯಾನಿಕ್ ಜಹೀರ್ ಅಹಮದ್ ಸಾಬರ ಹತ್ತಿರ ಹೋದೆ. ಅವರು ಬಿರಡೆ ನೋಡಿ, ನಾನು ಹೇಳಿದ್ದೆಲ್ಲ ಕೇಳಿ, ಸ್ಟೂಲ್ ಹಾಕಿ ಕೂರಿಸಿದರು.

“ಪೆಟ್ರೋಲ್ ಸುಮ್ನೆ ಕೂರಲ್ಲ ಅಕ್ಕ. ಬಿಸಿ ಆದ್ರೆ ಹಬೆ ಆಯ್ತದೆ, ಹೊರಗೆ ಹೋಗಕ್ಕೆ ದಾರಿ ಹುಡುಕ್ತದೆ. ಮುಚ್ಚಳದ ತೂತು ಅದಕ್ಕೇ ಇರೋದು. ಗಾಳಿ ಒಳಗೆ ಬರದೂ ಅಲ್ಲೇ, ಹಬೆ ಹೊರಗೆ ಹೋಗದೂ ಅಲ್ಲೇ. ಸಾವ್ಕಾರ್ರು ಅದನ್ನ ಮುಚ್ಚಿದ್ರು, ಅಣ್ಣಾವ್ರು ಇದನ್ನ ತೆಗೆದ್ರು. ಗಾಡಿಗೆ ಉಸಿರು ಬಂತು, ಆದ್ರೆ ಹಬೆಯೆಲ್ಲ ಕ್ಯಾಬಿನ್ನಿಗೆ. ಗಾಜು ಹಾಕ್ಕೊಂಡ್ರೆ ಎಲ್ಲಿಗ್ ಹೋಯ್ತದೆ, ಹೇಳಿ? ತಲೆಗೇ ಏರೋದು.”

“ವಾಸ್ನೆ ಬರ್ತಿಲ್ಲ ಅಂತಿದ್ರು ಇವ್ರು.”

“ಬರಲ್ಲ. ಸ್ವಲ್ಪ ಹೊತ್ತಿಗೇ ಮೂಗು ಸತ್ತೋಯ್ತದೆ. ನಂಗೆ ಮಲ್ಲಿಗೆ ಹೂವಿನ ವಾಸ್ನೆನೂ ಗೊತ್ತಾಗಲ್ಲ ಈಗ. ಮುಚ್ಚಳ ಬಿಚ್ಚಿ ಆ ಕಡೆ ತಗಂಡೋಗಿ, ಮೊದ್ಲಿನ ತೂತು ಬಿಡಿಸಿ, ಒಳಗೆ ಈ ಬಿರಡೆ ಹಾಕಿದ್ರೆ ಮುಗೀತು. ಅರ್ಧ ಗಂಟೆ ಕೆಲಸ. ಕಿಡಿ ಗಿಡಿ ಬಿದ್ದಿದ್ರೆ ಏನ್ ಗತಿ ಅಂತ ಅದೇ ಯೋಚನೆ ನಂಗೆ.”

ಅರ್ಧ ಗಂಟೆ ಕೆಲಸ. ಅಲ್ಲಿಂದ ಸೀದಾ ಫ್ಯಾಕ್ಟರಿಗೆ ಓಡಿದೆ. ಹೆಬ್ಬೂರಿನ ಸುದ್ದಿ ನನಗಿಂತ ಮೊದಲು ಅಲ್ಲಿಗೆ ತಲುಪಿತ್ತು. ಕೀ ಆಗಲೇ ಅಂಜನಮೂರ್ತಿ ಅನ್ನುವ ಹೊಸ ಡ್ರೈವರ್ ಕೈಗೆ ಹೋಗಿತ್ತು. ತೂತು, ಹಬೆ, ಬಿರಡೆ ಅಂತ ನಾನು ಹೇಳುತ್ತಲೇ ಇದ್ದೆ. ಚನ್ನವೀರಯ್ಯನವರು ನನ್ನನ್ನು ನೋಡದೆ ಪಕ್ಕದವರಿಗೆ ಹೇಳಿದರು:

“ಕೇಳ್ದೇನಯ್ಯ? ನನ್ ಗಾಡೀದೇ ತಪ್ಪಂತೆ. ಗಂಡನ್ನ ಕಾಯಕ್ಕೆ ಅಂತ ಹೋದೋಳು ತಾನೂ ಬಿದ್ದು ಹೊರಳಾಡಿ ಬಂದವ್ಳೆ.”

ನಾನು ಜೊತೆಗೆ ಹೋಗದಿದ್ದರೆ ಕೆಲಸವಾದರೂ ಉಳಿಯುತ್ತಿತ್ತು. ಕೆಲಸ ಉಳಿದಿದ್ದರೆ ಇವರು ಉಳಿಯುತ್ತಿದ್ದರೋ ಇಲ್ಲವೋ. ಯಾವ ಕಡೆಯಿಂದ ಯೋಚಿಸಿದರೂ ನನ್ನ ತಪ್ಪಿಗೇ ಬಂದು ನಿಲ್ಲುತ್ತದೆ.

ಇವರಿಗೆ ಗಾಡಿಯ ವಿಷಯ ಎಲ್ಲ ಹೇಳಿದೆ. “ಹೌದಾ? ನಾನೇ ಕಿತ್ತಿದ್ದಲ್ವಾ ಅದನ್ನ” ಅಂದರು. ಪುಡಿಯ ವಿಷಯ ಹೇಳಲು ಬಾಯಿ ಬರಲಿಲ್ಲ.

೧೩ ಆಗಸ್ಟ್, ಭಾನುವಾರ

ಇವರು ಎರಡು ಮುದ್ದೆ ತಿಂದರು. ಕಣ್ಣು ಬೆಳ್ಳಗಾಗಿದೆ. ಹಿತ್ತಲಲ್ಲಿ ಬದನೆ ಗಿಡಕ್ಕೆ ಮಣ್ಣು ಏರಿಸಿದರು. ನನಗೆ ಮಾತ್ರ ಇವರ ಎದುರು ಕೂತು ಉಣ್ಣುವುದಕ್ಕೆ ಆಗುತ್ತಿಲ್ಲ.

೨೦ ಆಗಸ್ಟ್, ಭಾನುವಾರ

ಮಧ್ಯಾಹ್ನ ರಂಗಮ್ಮ ಒಬ್ಬಳನ್ನು ಕರೆದುಕೊಂಡು ಬಂದಳು. ತುಂಬಾ ಚಿಕ್ಕ ವಯಸ್ಸು, ಕಣ್ಣು ಅತ್ತು ಊದಿಕೊಂಡಿತ್ತು. ಅಂಜನಮೂರ್ತಿಯ ಹೆಂಡತಿ. ನನಗೆ ಅವಳು ಬಾಯಿ ತೆರೆಯುವ ಮೊದಲೇ ಗೊತ್ತಾಯಿತು.

“ಅಕ್ಕ, ನಮ್ಮೋರು ಹಿಂಗಿರ್ಲಿಲ್ಲ. ಈ ಕೆಲ್ಸಕ್ ಸೇರಿ ಹದಿನೈದ್ ದಿನ ಆಗಿಲ್ಲ, ತೂರಾಡ್ಕೊಂಡ್ ಬತ್ತಾರೆ. ಗೂಳೂರಿಗೆ ಹೆಂಗ್ ಹೋಗ್ಬೇಕು, ಆ ಅಜ್ಜಿ ಮನೆ ಎಲ್ಲಿ, ವಸಿ ಹೇಳಿ.”

ಅವಳನ್ನು ಕೂರಿಸಿ ಎಲ್ಲ ಹೇಳಿದೆ. ನಿನ್ನ ಗಂಡ ಕುಡಿಯುವುದಿಲ್ಲ ಕಣಮ್ಮ, ಗಾಡಿಯ ಹಬೆ ಅದು, ಪುಡಿ ಹಾಕಬೇಡ, ಮುಚ್ಚಳದ ತೂತು ಬಿಡಿಸಲು ಹೇಳು, ಅಲ್ಲಿಯವರೆಗೆ ಗಾಜು ಇಳಿಸಿಕೊಂಡಾದರೂ ಓಡಿಸಲಿ. ಸೀಸೆಯ ಬಾಯಿಂದ ಬಿರಡೆ ಕಿತ್ತು ಅವಳ ಕೈಗೆ ಇಟ್ಟೆ. ತೂತು ಬಿಡಿಸಿದ ಮೇಲೆ ಇದನ್ನು ಸೀಟಿನ ಹಿಂದಿನ ಮೂತಿಗೆ ಸಿಕ್ಕಿಸಲಿ ಅಂದೆ. ನಾನು ಕೂಗಾಡುತ್ತಿದ್ದೆ ಅಂತ ಕಾಣುತ್ತದೆ. ಅವಳು ಬಿರಡೆಯನ್ನೂ ನನ್ನನ್ನೂ ನೋಡಿ ಮೆಲ್ಲಗೆ ಕೇಳಿದಳು:

“ಆದ್ರೆ ಅಕ್ಕ, ನಿಮ್ ಯಜಮಾನ್ರು ಪುಡಿ ತಿಂದೇ ಅಲ್ವಾ ಸರಿಹೋಗಿದ್ದು?”

“ಇನ್ನೇನ್ ಮತ್ತೆ,” ಅಂದಳು ರಂಗಮ್ಮ. “ನೋಡು, ಹೆಂಗ್ ಕಳೆ ಬಂದದೆ ಮುಖಕ್ಕೆ. ಇವ್ಳಿಗೆ ಹೇಳ್ಕಳಕ್ಕೆ ನಾಚ್ಕೆ, ಅಷ್ಟೇಯ.”

ಇವರು ಗುಣವಾಗಿದ್ದೇ ಮುದುಕಿಯ ಪುಡಿಗೆ ಸಾಕ್ಷಿ. ಇನ್ನು ನಾನು ಏನು ಹೇಳಿದರೆ ಏನು? ಅವಳು ಬಿರಡೆಯನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಪುಡಿಯ ಜೊತೆಗೆ ಇದೂ ಒಂದು ತಾಯಿತ ಅಂದುಕೊಂಡಳೋ ಏನೋ. ಇಬ್ಬರೂ ಗೂಳೂರಿನ ಬಸ್ಸಿಗೆ ಹೋದರು. ನಾನು ಬಾಗಿಲಲ್ಲಿ ನಿಂತು ಅವರು ತಿರುವು ದಾಟುವ ತನಕ ಕೂಗಿದೆ. ತಿರುಗಿ ನೋಡಲಿಲ್ಲ.

ಒಳಗೆ ಬಂದರೆ ಇವರು ಹಿತ್ತಲ ಬಾಗಿಲಲ್ಲಿ ಕೂತಿದ್ದರು. ಎಷ್ಟು ಹೊತ್ತಿನಿಂದ ಇದ್ದರೋ.

ಸಂಜೆ ಹುರುಳಿ ಸಾರು ಮಾಡಿದೆ. ಬಡಿಸಿ ಪಕ್ಕಕ್ಕೆ ತಿರುಗಿ ಕೂತೆ. ಇವರು ಒಂದು ತುತ್ತು ನುಂಗಿದರು.

“ಹನ್ನೆರಡು ದಿನ ಆಯ್ತಲ್ವಾ ನೀನು ಹಾಕೋದು ಬಿಟ್ಟು?”

ಸೌಟು ಪಾತ್ರೆಗೆ ಹಾಕಿ ಇವರ ಕಡೆ ತಿರುಗಿದೆ.

“ಗೊತ್ತಿತ್ತಾ?”

“ಮೊದಲ್ನೇ ದಿನಾನೇ ಗೊತ್ತಾಯ್ತು. ಗೂಳೂರಿನ ಇಪ್ಪತ್ತೊಂದು ದಿನದ ಪುಡಿ ಯಾವ ಡ್ರೈವರಿಗೆ ಗೊತ್ತಿಲ್ಲ? ಮೂಗು ಸತ್ತಿತ್ತೇ ಹೊರತು ನಾಲ್ಗೆ ಸತ್ತಿರ್ಲಿಲ್ಲ.”

“ಗೊತ್ತಿದ್ದೂ ಯಾಕ್ ತಿಂದ್ರಿ? ದಿನಾ ವಾಂತಿ ಮಾಡ್ಕೊಂತಿದ್ರಲ್ರೀ. ಒಂದ್ ಮಾತು ಬೈದು ತಟ್ಟೆ ಎಸೀಬಾರ್ದಿತ್ತಾ?”

“ಎಸೆದಿದ್ರೆ ಕುಡುಕ ಅಂತ್ಲೇ ಆಗ್ತಿತ್ತು. ಲಿಂಗ ಹಿಡ್ದು ಹೇಳಿದ್ರೂ ನೀನು ನಂಬ್ಲಿಲ್ಲ. ಇಪ್ಪತ್ತೊಂದು ದಿನ ತಿಂದ್ರೆ ಪುಡಿನಾದ್ರೂ ನಂಬ್ತೀಯಲ್ಲ ಅಂತ ತಿಂದೆ.”

ಸಿಟ್ಟಿನಿಂದ ಹೇಳಲಿಲ್ಲ. ಗಾಡಿ ಎಲ್ಲಿ ಕೆಟ್ಟಿತ್ತು ಅಂತ ಹೇಳುವ ಹಾಗೆ ಹೇಳಿದರು. ಆಮೇಲೆ ತಟ್ಟೆ ಮುಂದಕ್ಕೆ ಚಾಚಿದರು.

“ಇನ್ನೊಂದ್ ಸೌಟು ಹಾಕು. ಚೆನ್ನಾಗಿದೆ ಇವತ್ತು.”

ಹಾಕಿದೆ. ಅರ್ಧ ತಟ್ಟೆಗೆ ಬಿತ್ತು, ಅರ್ಧ ನೆಲಕ್ಕೆ.